ಹಾಡಿನ ಹಗೇವು

ನಮ್ಮ ಉತ್ತರದ ಸೀಮೆಯ ಹಳೆಯ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ನೆಲದೊಳಗೆ ಆಳವಾಗಿ ತೋಡಿ, ಒಳಮೈಗೆ ಹುಲ್ಲಿನ ಹೊದಿಕೆ ಕೊಟ್ಟು, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದೆಂಬ ನಂಬಿಕೆ. ನಮ್ಮ ತಂದೆಯವರು ಆ ನಂಬಿಕೆಗೆ ಪೂರ್ತಿಯಾಗಿ ಒಪ್ಪಿಸಿಕೊಂಡವರಲ್ಲ. ಎರಡು ಮಳೆಗಾಲ ಕಳೆದವೆಂದರೆ ಹಗೇವನ್ನು ತೆಗೆಯಿಸುವರು; ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಾಯಿ ತೆರೆದಿಡುವರು; ಆಮೇಲೆ ಆಳನ್ನು ಇಳಿಸಿ, ಮೇಲೆ ಬಂದ ಮೊದಲ ಬುಟ್ಟಿಯಿಂದ ಒಂದು ಹಿಡಿ ಕಾಳನ್ನು ತೆಗೆದು ಮೂಸಿ ನೋಡುವರು. ಅವರ ಮಗನಾಗಿಯೂ ನಾನು ಈ ಒಂದು ಅಭ್ಯಾಸವನ್ನು ಕಲಿಯಲಿಲ್ಲ. ಕಲಿಯದೆ ಹೋದುದರ ಫಲವನ್ನು ನನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಅಂಗೈಯಲ್ಲಿ ಅಡಗುವ ಒಂದು ಯಂತ್ರದ ಮೂಲಕ ಉಣ್ಣಬೇಕಾಯಿತು.

ಆ ಯಂತ್ರದ ಹೆಸರು ಐಪಾಡ್. ಅಮೆರಿಕೆಯ ಆ್ಯಪಲ್ ಸಂಸ್ಥೆಯವರು ೨೦೦೧ರ ಅಕ್ಟೋಬರದಲ್ಲಿ ಇದನ್ನು ಮೊದಲು ಹೊರತಂದಾಗ, ತೋಷಿಬಾ ಸಂಸ್ಥೆ ತಯಾರಿಸಿದ ೧.೮ ಅಂಗುಲದ ಹಾರ್ಡ್ ಡಿಸ್ಕನ್ನು ಅದರೊಳಗೆ ಕೂಡಿಸಿದ್ದರು. ೫ ಗಿಗಾಬೈಟ್ ಹಿಡಿಯುವ ಆ ಡಿಸ್ಕಿನಲ್ಲಿ ಸುಮಾರು ಸಾವಿರ ಹಾಡುಗಳನ್ನು ಜೇಬಿನಲ್ಲಿ ಒಯ್ಯಬಹುದೆಂಬುದು ಆಗ ಲೋಕಕ್ಕೆ ಸೋಜಿಗವಾಗಿತ್ತು. ನನ್ನಲ್ಲಿರುವುದು ೨೦೦೫ರಲ್ಲಿ ಬಂದ ಐದನೆಯ ಪೀಳಿಗೆಯ, ೩೦ ಗಿಗಾಬೈಟಿನ ಮಾದರಿ. ಹೊರದೇಶದಲ್ಲಿದ್ದ ನನ್ನ ಮಗನು ೨೦೦೬ರಲ್ಲಿ ಊರಿಗೆ ಬಂದಾಗ ತಂದುಕೊಟ್ಟನು. ಮುಂದೆ ಮೊಬೈಲುಗಳೇ ಈ ಕೆಲಸವನ್ನೆಲ್ಲ ಮಾಡತೊಡಗಿ, ಡಿಸ್ಕುಳ್ಳ ಐಪಾಡುಗಳು ೨೦೧೪ರಲ್ಲಿಯೂ ಉಳಿದ ಕೊನೆಯ ಮಾದರಿಯು ೨೦೨೨ರಲ್ಲಿಯೂ ನಿಂತುಹೋದವು.

ನಾನು ಅದನ್ನು ಜೋಪಾನವಾಗಿ ಇಟ್ಟುಕೊಂಡುದಕ್ಕೆ ಕಾರಣ ಬೇರೆ. ೧೯೮೪ರ ಬೇಸಗೆಯಲ್ಲಿ, ಶಾಲೆಯಿಂದ ಎರವಲು ತಂದ ಟೇಪ್ ರಿಕಾರ್ಡರಿನಲ್ಲಿ ನಮ್ಮ ಅವ್ವನ ಹಾಡುಗಳನ್ನು ನಾನು ಹಿಡಿದಿದ್ದೆನು. ಬೀಸುವ ಪದ, ಸೋಬಾನ, ಜೋಗುಳ, ಹಂತಿಯ ಕಣದಲ್ಲಿ ಕೇಳಿ ಅವಳು ಕಲಿತಿದ್ದ ಕೆಲವು ಪದಗಳು. ಒಟ್ಟು ೧೧ ಕ್ಯಾಸೆಟ್ಟುಗಳು. ಅವ್ವ ೧೯೯೧ರಲ್ಲಿ ತೀರಿಕೊಂಡಳು. ಯಂತ್ರ ಕೈಗೆ ಬಂದ ಮರುವರ್ಷ ಆ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಗಣಕಯಂತ್ರಕ್ಕೆ ಏರಿಸಿ, ಎಂಪಿ-ಮೂರು ಎಂಬ ರೂಪಕ್ಕೆ ಇಳಿಸಿ, ಐಪಾಡಿಗೆ ತುಂಬಿದೆನು. ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮೆಗಾಬೈಟಿನಂತೆ, ಗಂಟೆಯ ೧೧ ಕ್ಯಾಸೆಟ್ಟುಗಳಿಗೆ ಹಿಡಿದದ್ದು ೬೫೦ ಮೆಗಾಬೈಟ್ ಸುಮಾರು. ಇಡೀ ಅವ್ವನ ಕಂಠವು ಆ ಯಂತ್ರದ ಒಂದು ಮೂಲೆಗೂ ಸಾಲಲಿಲ್ಲ.

ಇಷ್ಟು ಮಾಡಿದ ಮೇಲೆ ನನ್ನ ಬುದ್ಧಿಗೆ ಮಂಕು ಕವಿಯಿತೆನ್ನಬೇಕು. ೨೦೦೯ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ನಾನೇ ಗುಜರಿಯವನ ಚೀಲಕ್ಕೆ ಹಾಕಿದೆನು. ಹಳೆಯ ಗಣಕಯಂತ್ರವನ್ನು ಡಿಸ್ಕು ಒರಸಿ ಯಾರಿಗೋ ಕೊಟ್ಟೆನು. ಎಲ್ಲವೂ ಐಪಾಡಿನಲ್ಲಿದೆಯಷ್ಟೆ, ಎಂಬುದು ನನ್ನ ಸಮಾಧಾನ. ಹಗೇವಿನ ಬಾಯಿಗೆ ಮಣ್ಣು ಮೆತ್ತಿ ಕೈತೊಳೆದುಕೊಂಡಂತಾಯಿತು.

೨೦೨೩ರ ಚಳಿಗಾಲದಲ್ಲಿ ಯಂತ್ರವು ಕಟಕಟ ಸದ್ದು ಮಾಡತೊಡಗಿತು. ಅದರ ಹಿಂದಿನ ವರ್ಷ ಅದು ನನ್ನ ಕೈಯಿಂದಲೇ ಜಾರಿ ಪಡಸಾಲೆಯ ಕಲ್ಲಿನ ಮೇಲೆ ಬಿದ್ದಿತ್ತೆಂಬುದನ್ನು ಮರೆಮಾಚುವುದಿಲ್ಲ. ಹದಿನೇಳು ವರ್ಷದ ಮುಪ್ಪೂ ಸೇರಿಕೊಂಡಿತ್ತು. ಅದರೊಳಗಿನ ಡಿಸ್ಕೆಂಬುದು ನಿಮಿಷಕ್ಕೆ ೪೨೦೦ ಸುತ್ತು ತಿರುಗುವ ಒಂದು ಪುಟ್ಟ ತಟ್ಟೆ. ಆ ತಟ್ಟೆಗೆ ಮುಟ್ಟದೆ, ಕೂದಲೆಳೆಗಿಂತಲೂ ಬಹಳ ಕಿರಿದಾದ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಹಾಡು ನಡೆದಾಗಲೆಲ್ಲ ತಟ್ಟೆ ತಿರುಗುವುದಿಲ್ಲ. ಮುಂದಿನ ಹಾಡುಗಳನ್ನು ೩೨ ಮೆಗಾಬೈಟಿನ ಸ್ಮರಣೆಗೆ ಒಮ್ಮೆಗೇ ಎಳೆದುಕೊಂಡು ಡಿಸ್ಕು ವಿರಮಿಸುತ್ತದೆ. ಜೀರುಂಡೆಯಂಥ ಆ ಸಣ್ಣ ಗುಂಯ್‌ಕಾರ ಆಗಾಗ ಕೇಳಿಬರುವುದು ಇದರಿಂದಲೇ. ಈಗ ಗುಂಯ್‌ಕಾರದ ಬದಲು, ಹಲ್ಲಿ ಲೊಚಗುಟ್ಟಿದಂತೆ ಸದ್ದು. ಪರದೆಯ ಮೇಲೆ ಸಪ್ಪೆ ಮೋರೆಯ ಒಂದು ಚಿತ್ರ.

ಹುಬ್ಬಳ್ಳಿಯಲ್ಲಿ ಗಣಕಯಂತ್ರ ದುರಸ್ತಿಯ ಕೆಲಸ ಮಾಡುವ ನನ್ನ ತಮ್ಮನ ಮಗನಿಗೆ ಫೋನು ಮಾಡಿ ಆ ಸದ್ದನ್ನೇ ಕೇಳಿಸಿದೆನು. “ಕಾಕಾ, ಅದು ಡಿಸ್ಕಿನ ಸಪ್ಪಳ. ಇನ್ನ ಚಾಲೂ ಮಾಡಬ್ಯಾಡ್ರಿ. ಎಷ್ಟು ಸಲ ಚಾಲೂ ಮಾಡ್ತೀರೋ ಅಷ್ಟೂ ಕೆಡತೈತಿ,” ಎಂದನು. ಅಷ್ಟರೊಳಗೆ ನಾನು ಇಪ್ಪತ್ತು ಸಲವಾದರೂ ಚಾಲೂ ಮಾಡಿಯಾಗಿತ್ತು. ನೆರೆಯವರೊಬ್ಬರು, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂದು ಬುದ್ಧಿ ಹೇಳಿದ್ದರು. ಪುಣ್ಯಕ್ಕೆ ಅದನ್ನು ಮಾಡಿರಲಿಲ್ಲ. ತಂಪಿನಿಂದ ಹೊರತೆಗೆದ ಲೋಹದ ಮೇಲೆ ನೀರ ಹನಿ ಕೂಡುವುದನ್ನು ಯಾವ ಗೃಹಿಣಿಯಾದರೂ ಬಲ್ಲಳು.

ಹುಡುಗನು ರವಿವಾರ ಬಂದನು. ನಡುವಿನ ಗುಂಡಿಯನ್ನೂ ಮೇಲಿನ ಗುಂಡಿಯನ್ನೂ ಕೂಡಿಯೇ ಒತ್ತಿಹಿಡಿದು ಯಂತ್ರವನ್ನು ಮರಳಿ ಎಬ್ಬಿಸಿ, ಸೇಬಿನ ಗುರುತು ಕಂಡ ಕೂಡಲೆ ನಡುವಿನ ಗುಂಡಿ ಮತ್ತು ಕೆಳಗಿನ ಗುಂಡಿಗಳನ್ನು ಒತ್ತಿದರೆ, ಅದು ಹಾಡುವುದನ್ನು ಬಿಟ್ಟು ಬರಿಯ ಡಿಸ್ಕಾಗಿ ವರ್ತಿಸುತ್ತದೆ. ಆ ಸ್ಥಿತಿಯಲ್ಲಿ ಗಣಕಯಂತ್ರಕ್ಕೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಓಡಿಸಿದನು. ಅದರ ಕ್ರಮ ನನಗೆ ಬಹಳ ಹಿಡಿಸಿತು. ಸರಿಯಾಗಿರುವ ಭಾಗಗಳನ್ನೆಲ್ಲ ಮೊದಲು ಅವಸರದಿಂದ ನಕಲು ಮಾಡಿಕೊಳ್ಳುತ್ತದೆ. ಕೆಟ್ಟ ಸ್ಥಳ ಬಂದರೆ ಜಗ್ಗಾಡದೆ ಗುರುತು ಹಾಕಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಹಿಂದಿರುಗಿ, ಕೆಟ್ಟ ಸ್ಥಳಗಳ ಅಂಚುಗಳಿಂದ ಒಂದೊಂದೇ ಚೂರನ್ನು ಬಿಡಿಸುತ್ತದೆ. ಬೆಂಕಿ ಬಿದ್ದ ಮನೆಯಿಂದ ತಿಳಿದವರು ಸಾಮಾನು ಹೊರಹಾಕುವ ರೀತಿಯೂ ಇದೇ. ಎರಡು ರಾತ್ರಿ, ಒಂದು ಹಗಲು ಅದು ನಡೆಯಿತು. ನಾನು ಮಲಗಿದಲ್ಲಿಂದಲೇ ಆ ಕಟಕಟ ಸದ್ದನ್ನು ಕೇಳುತ್ತಿದ್ದೆನು. ಆಸ್ಪತ್ರೆಯ ಜಗಲಿಯಲ್ಲಿ ಕಳೆದ ರಾತ್ರಿಗಳ ನೆನಪಾಯಿತು, ಹೆಚ್ಚು ಬರೆಯುವುದಿಲ್ಲ.

ಬಂದ ನಕಲಿನಲ್ಲಿ ಹಾಡುಗಳ ಹೆಸರೇ ಇರಲಿಲ್ಲ. ಮರೆಯಾಗಿರುವ ಒಂದು ಕೋಶದೊಳಗೆ ಎಫ್-೦೦, ಎಫ್-೦೧ ಎಂದು ಸಾಲಾದ ಕೋಣೆಗಳು. ಅವುಗಳಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಅರ್ಥವಿಲ್ಲದ ಹೆಸರಿನ ಕಡತಗಳು. ಈ ಯಂತ್ರವು ಹಾಡುಗಳನ್ನು ಇಡುವ ಪದ್ಧತಿಯೇ ಹಾಗೆ. ಯಾವುದು ಎಲ್ಲಿದೆ ಎಂಬ ಲೆಕ್ಕ ಬೇರೊಂದು ಖಾತೆಯಲ್ಲಿರುತ್ತದೆ. ಆದರೆ ಪ್ರತಿ ಕಡತದ ಒಡಲಲ್ಲಿ ನಾನು ೨೦೦೭ರಲ್ಲಿ ಬರೆದ ಚೀಟಿ ಉಳಿದಿತ್ತು: ಕ್ಯಾಸೆಟ್ ೧-ಎ, ೧-ಬಿ, ೨-ಎ ಎಂದು. ೨೨ ಮಗ್ಗುಲುಗಳಲ್ಲಿ ೧೯ ಇಡಿಯಾಗಿ ಬಂದಿದ್ದವು. ಎರಡು ನಡುನಡುವೆ ಹರಿದಿದ್ದವು. ೭-ಬಿ ಎಂಬುದು ಮಾತ್ರ ನಾಲ್ಕು ನಿಮಿಷ ನಡೆದು ನಿಂತುಹೋಯಿತು. ಅದು ಜೋಗುಳದ ಮಗ್ಗುಲು. ಹುಡುಗನು ಮತ್ತೊಂದು ರಾತ್ರಿ ಪ್ರಯತ್ನಿಸಿದನು. ಡಿಸ್ಕು ತಿರುಗಲೇ ಇಲ್ಲ.

ಇನ್ನು ಯಂತ್ರದ ಮಾತು. ಡಿಸ್ಕಿನ ಜಾಗದಲ್ಲಿ, ತಿರುಗುವ ಭಾಗವೇ ಇಲ್ಲದ ಮೆಮೊರಿ ಕಾರ್ಡನ್ನು ಕೂಡಿಸಬಹುದೆಂದು ಅವನು ಹೇಳಿದಾಗ, ಅದನ್ನು ನನ್ನ ಕೈಯಿಂದಲೇ ಮಾಡಬೇಕೆಂಬ ಹಟ ಹುಟ್ಟಿತು. ಕಾರ್ಡಿನ ಭಾಷೆ ಬೇರೆ, ಡಿಸ್ಕಿನ ಭಾಷೆ ಬೇರೆಯಾದುದರಿಂದ ನಡುವೆ ದುಭಾಷಿಯಂತೆ ಒಂದು ಹಸುರು ಹಲಗೆ ಬೇಕಾಗುತ್ತದೆ. ಅದನ್ನು ಅಂಚೆಯಲ್ಲಿ ತರಿಸಿದೆವು. ಕಾರ್ಡನ್ನು ಮಾತ್ರ ನಾನೇ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡುತಂದೆನು. ಮೇಲೆ ೧೨೮ ಗಿಗಾಬೈಟ್ ಎಂದು ಅಚ್ಚಾಗಿತ್ತು. ಹುಡುಗನು ಅದಕ್ಕೆ ಪೂರ್ತಿ ಬರೆದು, ಬರೆದದ್ದನ್ನು ಮರಳಿ ಓದಿ ತಾಳೆ ನೋಡುವ ಪರೀಕ್ಷೆಗೆ ಒಡ್ಡಿದನು. ನಿಜವಾಗಿ ಇದ್ದುದು ೮ ಗಿಗಾಬೈಟ್! ತನ್ನಲ್ಲಿ ಇಷ್ಟು ಜಾಗವುಂಟೆಂದು ಸುಳ್ಳು ಹೇಳುವಂತೆ ಅದನ್ನು ಕಲಿಸಿರುತ್ತಾರೆ. ಎಂಟು ತುಂಬಿದ ಮೇಲೆ ಬರೆದದ್ದೆಲ್ಲ ಸದ್ದಿಲ್ಲದೆ ಇಲ್ಲವಾಗುತ್ತದೆ. ಅವ್ವನ ಹಾಡುಗಳಷ್ಟನ್ನೇ ತುಂಬಿದ್ದರೆ ಆ ಮೋಸ ನನಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಹಿಂದೂಸ್ತಾನಿ ಸಂಗೀತದ ಇಪ್ಪತ್ತು ಗಿಗಾಬೈಟ್ ಮೇಲೆ ಸುರಿದಾಗ ಯಾವುದು ಉಳಿಯುತ್ತಿತ್ತೋ ಯಾವುದು ಅಳಿಯುತ್ತಿತ್ತೋ. ಬೇರೆ ಕಾರ್ಡನ್ನು ಪಾವತಿಯೊಂದಿಗೆ ಕೊಂಡು, ಅದನ್ನೂ ಅದೇ ಪರೀಕ್ಷೆಗೆ ಒಡ್ಡಿದ ಮೇಲೆಯೇ ಮುಂದುವರಿದೆವು.

ಐಪಾಡಿಗೆ ಹೊರಗಿನಿಂದ ಒಂದು ತಿರುಪೂ ಇಲ್ಲ. ಬೆನ್ನಿನ ಉಕ್ಕಿನ ತಗಡು ಮುಂಭಾಗಕ್ಕೆ ಒಳಗೊಳಗೇ ಕೊಕ್ಕೆಗಳಿಂದ ಕಚ್ಚಿಕೊಂಡಿರುತ್ತದೆ. ನಾನು ತಿರುಪುಳಿಯನ್ನು ತೂರಿಸಿ ಮೀಟಿದೆನು. ತಗಡಿನ ಅಂಚು ಡೊಂಕಾಯಿತು, ಕೊಕ್ಕೆ ಬಿಡಲಿಲ್ಲ. ಹುಡುಗನು ನಕ್ಕು, ತೆಳ್ಳನೆಯ ಪ್ಲಾಸ್ಟಿಕ್ ಚೂರೊಂದನ್ನು ಕೊಟ್ಟನು. ಅದನ್ನು ಸಂದಿನಲ್ಲಿ ನಿಧಾನವಾಗಿ ಎಳೆಯುತ್ತ ಹೋದರೆ ಒಂದೊಂದೇ ಕೊಕ್ಕೆ ಬಿಡುತ್ತದೆ, ಹುಣಸೆಕಾಯಿಯ ಸಿಪ್ಪೆ ಬಿಟ್ಟಂತೆ. ಆದರೆ ತೆರೆಯಿತೆಂದು ತಟ್ಟನೆ ಅಗಲಿಸಬಾರದು. ಬ್ಯಾಟರಿಯು ಬೆನ್ನಿನ ತಗಡಿಗೆ ಅಂಟಿರುತ್ತದೆ. ಅದರಿಂದ ಒಂದು ಪಟ್ಟಿ ಒಳಗಿನ ಹಲಗೆಗೆ ಹೋಗುತ್ತದೆ. ಪಟ್ಟಿಯನ್ನು ಹಿಡಿದಿರುವ ಚಿಲಕವನ್ನು ಉಗುರಿನ ತುದಿಯಿಂದ ಸ್ವಲ್ಪವೇ ಮೇಲೆತ್ತಬೇಕು. ನಾನು ಗಂಟು ಬಿಚ್ಚುವವನಂತೆ ಜಗ್ಗಿದೆನು. ಚಿಲಕದ ಒಂದು ಕಾಲು ಮುರಿಯಿತು. ಕೊನೆಗೆ ಪಟ್ಟಿಯನ್ನು ಸಿಕ್ಕಿಸಿ, ಮೇಲೆ ಅಂಟುಪಟ್ಟಿಯ ತುಣುಕನ್ನು ಒತ್ತಿ ನಿಲ್ಲಿಸಬೇಕಾಯಿತು. ಇಂದಿಗೂ ಅದು ಹಾಗೆಯೇ ನಿಂತಿದೆ.

ನೀಲಿ ರಬ್ಬರಿನ ಮೆತ್ತೆಗಳ ನಡುವೆ ಕುಳಿತಿದ್ದ ಡಿಸ್ಕನ್ನು ಎತ್ತಿ, ಅದರ ಪಟ್ಟಿಯನ್ನು ಬಿಡಿಸಿ, ಅದೇ ಪಟ್ಟಿಗೆ ಹಸುರು ಹಲಗೆಯನ್ನು ಜೋಡಿಸಿದೆವು. ಕಾರ್ಡು ಡಿಸ್ಕಿಗಿಂತ ಬಹಳ ಸಣ್ಣದಾದುದರಿಂದ ಒಳಗೆ ಅಲುಗದಂತೆ ಸ್ಪಂಜಿನ ಚೂರನ್ನು ತುಂಬಿದೆವು. ಮುಚ್ಚಿ, ಗಣಕಯಂತ್ರಕ್ಕೆ ಹಚ್ಚಿ, ಐಟ್ಯೂನ್ಸಿನಿಂದ ಯಂತ್ರದ ಮೂಲ ತಂತ್ರಾಂಶವನ್ನು ಹೊಸದಾಗಿ ಬರೆಯಿಸಿದೆವು. ಪರದೆಯ ಮೇಲೆ ಒಟ್ಟು ಸ್ಥಳ ೧೧೯ ಗಿಗಾಬೈಟ್ ಎಂದು ಬಂದಿತು. ಮತ್ತೆ ಮೋಸವೋ ಎಂದು ನನ್ನ ಎದೆ ಹಾರಿತು. ಹಾಗಲ್ಲವಂತೆ, ತಯಾರಿಸುವವರು ಸಾವಿರಕ್ಕೊಂದು ಮೆಟ್ಟಿಲೆಂದು ಎಣಿಸುತ್ತಾರೆ, ಯಂತ್ರವು ೧೦೨೪ಕ್ಕೊಂದು ಮೆಟ್ಟಿಲೆಂದು ಎಣಿಸುತ್ತದೆ. ಕೊಳಗದ ಅಳತೆ ಊರಿಗೊಂದು ಇದ್ದ ಕಾಲವನ್ನು ಕಂಡ ನನಗೆ ಇದು ಹೊಸದಲ್ಲ.

ಈಗ ಯಂತ್ರ ಹಗುರಾಗಿದೆ. ಗುಂಯ್‌ಕಾರವಿಲ್ಲ, ಮೌನವಾಗಿಯೇ ಹಾಡುತ್ತದೆ. ಬಿದ್ದರೂ ಒಳಗೆ ಉರುಳುವ ತಟ್ಟೆಯಿಲ್ಲ. ಹಾಗೆಂದು ಕಾರ್ಡು ಚಿರಂಜೀವಿಯಲ್ಲ. ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹಳ ವರ್ಷ ಬಿದ್ದಿದ್ದರೆ ಅದರಲ್ಲಿನ ಬರಹವೂ ಮಾಸುತ್ತದೆ. ಆದುದರಿಂದ ಹುಡುಗನ ಮನೆಯಲ್ಲಿ ಒಂದು, ಮೈಸೂರಿನ ಮಗಳಲ್ಲಿ ಒಂದು, ನನ್ನ ಕಪಾಟಿನಲ್ಲಿ ಒಂದು ನಕಲು ಇರಿಸಿ, ಯುಗಾದಿಯ ಮರುದಿನ ಮೂವರೂ ತೆಗೆದು ಕೇಳತಕ್ಕದ್ದೆಂದು ಗೊತ್ತುಮಾಡಿದೆವು. ೨೦೨೪ರಲ್ಲಿ ಮಗಳು ಮರೆತಳು. ಫೋನು ಮಾಡಿ ನೆನಪಿಸಿದೆನು.

ಬೈಲಹೊಂಗಲದಲ್ಲಿರುವ ನಮ್ಮ ಅಕ್ಕನಿಗೂ ಒಂದು ಪ್ರತಿ ಕಳುಹಿಸಿದ್ದೆನು. ಆಕೆಯ ಮೊಮ್ಮಗನು ಮೊಬೈಲಿನಲ್ಲಿ ಹಾಕಿಕೊಟ್ಟನಂತೆ. ನಾಲ್ಕು ದಿನದ ಮೇಲೆ ಅಕ್ಕನ ಫೋನು ಬಂದಿತು. “ತಮ್ಮಾ, ಮೂರನೇ ಕ್ಯಾಸೆಟ್ಟಿನಾಗ ಮುಂದ ಹಾಡಾಕಿ ಅವ್ವ ಅಲ್ಲೋ. ಆಕಿ ದೊಡ್ಡವ್ವ. ಅವ್ವ ಹಿಂದ ದನಿಗೂಡಿಸಾಕಿ,” ಎಂದಳು. ನಾನು ಒಪ್ಪಲಿಲ್ಲ. ಮತ್ತೆ ಕೇಳಿದೆನು. ಬೀಸುವ ಕಲ್ಲಿಗೆ ಇಬ್ಬರು ಎದುರುಬದುರಾಗಿ ಕೂಡುತ್ತಾರೆ. ಒಬ್ಬಳು ಎತ್ತಿಕೊಡುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ. ಬೆಳಗಿನ ಜಾವದ ಕತ್ತಲೆಯಲ್ಲಿ ಯಂತ್ರವನ್ನು ಬಾಗಿಲ ಬಳಿ ಇಟ್ಟು ನಾನು ಅಂಗಳದಲ್ಲಿ ಕುಳಿತಿದ್ದೆನು. ಯಾರು ಎತ್ತಿಕೊಟ್ಟರೆಂದು ನೋಡಿರಲಿಲ್ಲ. ಮೂರನೆಯ ಸಲ ಕೇಳಿದಾಗ, ಕಲ್ಲಿನ ಸದ್ದಿನ ಅಡಿಯಲ್ಲಿ, ಕೊಂಚ ತಡವಾಗಿ ಬಂದು ಸೇರುವ ಆ ಎರಡನೆಯ ದನಿ ಸ್ಪಷ್ಟವಾಯಿತು. ಅದು ಅವ್ವನದು. ಮೂವತ್ತೊಂಬತ್ತು ವರ್ಷ ನಾನು ದೊಡ್ಡವ್ವನನ್ನು ಅವ್ವನೆಂದು ಕೇಳಿದ್ದೆನು.

೭-ಬಿ ಹೋದ ಸಂಗತಿಯನ್ನು ಅಕ್ಕನಿಗೆ ಹೇಳಿದೆನು. ಆ ಜೋಗುಳದ ಮೊದಲ ಎರಡು ನುಡಿ ತನಗೆ ಬರುತ್ತದೆ, ಮೂರನೆಯದು ಅರ್ಧ ಬರುತ್ತದೆ ಎಂದಳು. ಹುಡುಗನೂ ನಾನೂ ಬೈಲಹೊಂಗಲಕ್ಕೆ ಹೋಗಿ ಹಿಡಿದುಕೊಂಡು ಬಂದೆವು. ಅಕ್ಕನ ದನಿ ಅಲ್ಲಲ್ಲಿ ನಡುಗುತ್ತದೆ, ಧಾಟಿಯೂ ನನ್ನ ನೆನಪಿನದಲ್ಲ. ಆ ಬಗ್ಗೆ ನಮ್ಮಿಬ್ಬರಿಗೂ ಇನ್ನೂ ವಾದ ಮುಗಿದಿಲ್ಲ. ಉಳಿದ ನಾಲ್ಕು ನಿಮಿಷದ ಮುಂದೆಯೇ ಅದನ್ನು ಸೇರಿಸಿದ್ದೇನೆ. ಹಳೆಯ ಡಿಸ್ಕನ್ನು ಎಸೆಯಲು ಮನಸ್ಸಾಗಲಿಲ್ಲ; ಕಪಾಟಿನಲ್ಲಿ, ಅವ್ವನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ.