ಮರ ಹತ್ತೋನ ಕೊಟೇಶನ್

ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಟೀಮಿನ ಸ್ಟ್ಯಾಂಡಪ್. ಅಷ್ಟೊತ್ತಿಗೆ ಸರಿಯಾಗಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಮೂರು ಸಲ ಕಟ್ ಮಾಡಿದೆ. ನಾಲ್ಕನೇ ಸಲ, ಊರಲ್ಲಿ ಯಾರಿಗೋ ಏನೋ ಆಯ್ತೇನೋ ಅಂತ ಗಾಬರಿಯಾಗಿ, ಮ್ಯೂಟ್ ಮಾಡಿ ಎತ್ತಿದೆ.

"ಅಣ್ಣಾ, ಕೊಟೇಶನ್ ಅಂದ್ರೆ ಏನ್ ಬರೀಬೇಕು?"

ಅವನು ಮರ ಕಡಿಯೋ ಕೆಲಸದವನು. ಆರು ವರ್ಷ ಒಬ್ಬ ಮೇಸ್ತ್ರಿ ಕೈಕೆಳಗೆ ದುಡಿದಿದ್ದ. ಈಗ ಇನ್ನೂ ಮೂವರನ್ನ ಸೇರಿಸ್ಕೊಂಡು ತನ್ನದೇ ಒಂದು ಗುಂಪು ಕಟ್ಟಿದ್ದ. ಇದ್ದ ಎರಡು ಹಸುಗಳಲ್ಲಿ ಒಂದನ್ನ ಮಾರಿ ಸೆಕೆಂಡ್ ಹ್ಯಾಂಡ್ ಚೈನ್ ಸಾ ತಂದಿದ್ದ. ರಾಜಾನುಕುಂಟೆ ಸುತ್ತಮುತ್ತಲ ಅಪಾರ್ಟ್‌ಮೆಂಟುಗಳ ಗಾರ್ಡನ್ ನೋಡ್ಕೊಳ್ಳೋ ಒಬ್ಬ ಕಾಂಟ್ರ್ಯಾಕ್ಟರ್ ಅವನಿಗೆ ಸಬ್ ಕಾಂಟ್ರ್ಯಾಕ್ಟ್ ಕೊಡ್ತೀನಿ ಅಂದಿದ್ದರು. ಆದರೆ ಬಾಯಿಮಾತಲ್ಲಿ ಆಗೋಲ್ಲ, ಕೊಟೇಶನ್ ಬೇಕು. ನಮ್ಮ ಮನೆತನದಲ್ಲಿ ಬಿಇ ಓದಿದವನು ನಾನೊಬ್ಬನೇ. ಹಾಗಾಗಿ ಕಾಗದ ಅಂದ ಕೂಡಲೇ ಎಲ್ಲರ ಬೆರಳೂ ನನ್ನ ನಂಬರಿಗೇ ಹೋಗುತ್ತೆ.

ನಮ್ಮೂರು ಗೌರಿಬಿದನೂರಿನ ಕಡೆ. ನಾನು ಮಾನ್ಯತಾದಲ್ಲಿ ಕೆಲಸ ಮಾಡ್ತಾ ರಾಜಾನುಕುಂಟೆಯಲ್ಲಿ ಮನೆ ಮಾಡೋಕೆ ಒಂದು ಕಾರಣ ಬಾಡಿಗೆ, ಇನ್ನೊಂದು ದೊಡ್ಡಬಳ್ಳಾಪುರದ ರಸ್ತೆ. ಶನಿವಾರ ಸಂಜೆ ಬೈಕ್ ಹತ್ತಿದರೆ ಹೆಬ್ಬಾಳದ ಫ್ಲೈಓವರ್ ಕಡೆ ಮುಖ ಹಾಕದೇ ಊರು ಸೇರಬಹುದು. ನಾನು ಇಂಜಿನಿಯರಿಂಗ್ ಓದ್ತಿದ್ದಾಗ ಇದೇ ದಾರಿಯ ಎರಡೂ ಕಡೆ ನೀಲಗಿರಿ ತೋಪುಗಳು. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತು ಅಂತ ಹೇಳೋ ಆ ಆಸ್ಟ್ರೇಲಿಯಾದ ಮರ ನಮ್ಮ ಒಣ ಹೊಲಗಳನ್ನೆಲ್ಲಾ ತುಂಬಿತ್ತು. ನೀರು ಕೇಳೋಲ್ಲ, ಕುರಿ ಮೇಯೋಲ್ಲ, ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತೆ. ಪಟ್ಟಣಕ್ಕೆ ದುಡಿಯೋಕೆ ಹೋದ ಮನೆಯವರಿಗೆ ಅದಕ್ಕಿಂತ ಒಳ್ಳೇ ಬೆಳೆ ಯಾವುದು? ಅಂತರ್ಜಲಕ್ಕೆ ಕುತ್ತು ಅಂತ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಅಷ್ಟರಲ್ಲಿ ಲೇಔಟುಗಳೂ ಬಂದಿದ್ದವು. ತೋಪುಗಳು ಹೋದವು, ಸೈಟುಗಳ ಕಲ್ಲು ನಿಂತವು.

ನನ್ನ ತಮ್ಮ ಕೆಲಸ ಕಲಿತಿದ್ದು ಆ ತೋಪುಗಳಲ್ಲಿ. ಅಲ್ಲಿ ಲೆಕ್ಕ ಸುಲಭ. ಬಯಲಲ್ಲಿ ಮರ ಯಾವ ಕಡೆ ಬಿದ್ದರೂ ಪರವಾಗಿಲ್ಲ. ಕಡಿದ ಮರವನ್ನ ಕೊಳ್ಳೋನೇ ಲಾರಿ ತರ್ತಾನೆ. ನೀಲಗಿರಿ, ಸಿಲ್ವರ್ ಓಕ್, ಸರ್ವೆ ಥರದ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇರೋದ್ರಿಂದ ಕಡಿಯೋ ಅನುಮತಿಯ ತಲೆನೋವೂ ಇಲ್ಲ. ಅಪಾರ್ಟ್‌ಮೆಂಟಿನ ಒಳಗೆ ಎಲ್ಲಾ ಉಲ್ಟಾ. ಗುಲ್‌ಮೊಹರ್ ಕೆಳಗೆ ಯಾರದೋ ಕಾರು, ಪಕ್ಕದಲ್ಲಿ ಗಾಜಿನ ಬಾಲ್ಕನಿ, ಬುಡದಲ್ಲಿ ಡ್ರಿಪ್ ಪೈಪು. ಮರ ಬೀಳಿಸೋ ಹಾಗಿಲ್ಲ, ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಬೇಕು. ಆ ಸೌದೆಯನ್ನ ಕೇಳೋರೂ ಇಲ್ಲ.

ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಆ ರಾತ್ರಿ ಎಕ್ಸೆಲ್ ತೆಗೆದು ಕೂತೆ. 30 ಮರ, ಕೊಂಬೆ ಸವರೋದು. ನಾಲ್ಕು ಜನ, ನಾಲ್ಕು ದಿನ, ದಿನಕ್ಕೆ ತಲೆಗೆ 1,000 ರೂಪಾಯಿಯಂತೆ ಕೂಲಿ 16,000. ಪೆಟ್ರೋಲು, ಆಯಿಲ್ಲು, ಚೈನು 3,000. ಎರಡು ಪಿಕಪ್ ಲೋಡು 3,000. ಒಟ್ಟು ಖರ್ಚು 22,000. ಮರಕ್ಕೆ 1,200ರಂತೆ 36,000 ಕೋಟ್ ಮಾಡಿದೆ. ಉಳಿತಾಯ 14,000! ತಮ್ಮನಿಗೆ ಪಿಡಿಎಫ್ ಕಳಿಸಿ, ಬೀಗುತ್ತಾ ಮಲಗಿದೆ.

ಕೆಲಸ ಏಳು ದಿನ ಹಿಡಿಯಿತು. ಎರಡು ಲೋಡು ಅಂದುಕೊಂಡಿದ್ದು ಒಂಬತ್ತು ಲೋಡಾಯ್ತು. ಕೂಲಿ 28,000, ಪೆಟ್ರೋಲು ಎಲ್ಲಾ ಸೇರಿ 5,000, ಗಾಡಿ 13,500. ಒಟ್ಟು 46,500. ಬಂದಿದ್ದು 36,000, ಅದರಲ್ಲೂ ಶೇಕಡಾ 1ರಂತೆ 360 ಟಿಡಿಎಸ್ ಹಿಡಿದರು. ಅಂದ್ರೆ ತಮ್ಮ ಏಳು ದಿನ ಪುಕ್ಕಟೆ ಮರ ಹತ್ತಿ, ಮೇಲೆ 3,860 ಕೈಯಿಂದ ಹಾಕಿದ್ದ. ಅವನು ನನಗೆ ಒಂದು ಮಾತೂ ಹೇಳಲಿಲ್ಲ. ಚಿಕ್ಕಮ್ಮ ಹೇಳಿದ್ದು.

ಭಾನುವಾರ ಅವನನ್ನ ಕೂರಿಸಿಕೊಂಡು ಎಲ್ಲಿ ತಪ್ಪಾಯ್ತು ಅಂತ ಕೇಳಿದೆ. ನಕ್ಕ. "ಮರದ್ ಮೇಲಿದ್ದಾಗ ಒಂದು ಕೊಂಬೆ ಕಣಣ್ಣಾ. ನೆಲಕ್ಕ್ ಬಿದ್ರೆ ಒಂದ್ ಗಾಡಿ."

ಮುಂದಿನ ಕೊಟೇಶನ್‌ಗೆ ಮುಂಚೆ ನಾನೂ ಅವನ ಜೊತೆ ಸೈಟಿಗೆ ಹೋದೆ. ಒಂದು ಮರದ ಸುತ್ತ ಅವನು ಹತ್ತು ನಿಮಿಷ ಸುಮ್ಮನೆ ತಿರುಗ್ತಾನೆ. ಬುಡ ಟೊಳ್ಳಾಗಿದೆಯಾ ಅಂತ ಕೊಡಲಿ ಬೆನ್ನಿಂದ ತಟ್ಟಿ ಕೇಳ್ತಾನೆ. ಹೆಜ್ಜೇನು ಇದೆಯಾ, ಗೂಡು ಇದೆಯಾ ನೋಡ್ತಾನೆ. ಯಾರೋ ಹಳೇ ಕಾಲದಲ್ಲಿ ಬಟ್ಟೆ ಒಣಗಿಸೋಕೆ ಕಟ್ಟಿದ ತಂತಿ ತೊಗಟೆ ಒಳಗೆ ಹೂತು ಹೋಗಿದ್ದರೆ ಚೈನಿನ ಹಲ್ಲು ಹೋಯ್ತು ಅಂತಲೇ ಲೆಕ್ಕ. ದಪ್ಪ ಕೊಂಬೆಯನ್ನ ಒಂದೇ ಏಟಿಗೆ ಮೇಲಿಂದ ಕುಯ್ಯೋ ಹಾಗಿಲ್ಲ. ಭಾರಕ್ಕೆ ಮುರಿದು, ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಬೀಳುತ್ತೆ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಗಾಯ, ಆಮೇಲೆ ಅದಕ್ಕಿಂತ ಆಚೆ ಮೇಲಿಂದ ಕುಯ್ದು ಭಾರ ಇಳಿಸೋದು, ಕೊನೆಗೆ ಉಳಿದ ಮೋಟನ್ನ ಕೊಂಬೆ ಹುಟ್ಟೋ ಉಬ್ಬಿಗೆ ಪೆಟ್ಟಾಗದ ಹಾಗೆ ತೆಗೆಯೋದು. ಆ ಉಬ್ಬು ಉಳಿದರೆ ಗಾಯ ತಾನೇ ಮುಚ್ಚಿಕೊಳ್ಳುತ್ತೆ. ಇಷ್ಟೆಲ್ಲಾ ಅವನಿಗೆ ಗೊತ್ತು. ನನ್ನ ಎಕ್ಸೆಲ್‌ಗೆ ಗೊತ್ತಿದ್ದದ್ದು "ಮರ - 30" ಅಷ್ಟೇ. ಆಫೀಸಲ್ಲಿ ಕೋಡ್ ನೋಡದೇ ಎಸ್ಟಿಮೇಟ್ ಕೊಡೋ ಮ್ಯಾನೇಜರನ್ನ ಎಷ್ಟು ಬೈಕೊಂಡಿದ್ದೀನಿ ನಾನು!

ಆಮೇಲಿಂದ ಮರ ಮರಕ್ಕೂ ಬೇರೆ ರೇಟು, ಸಾಗಣೆ ಲೋಡಿನ ಲೆಕ್ಕದಲ್ಲಿ ಬೇರೆ, ಬುಡಸಮೇತ ಕಡಿಯೋದಾದ್ರೆ ವೃಕ್ಷ ಅಧಿಕಾರಿಯ ಅನುಮತಿ ತರೋದು ಅವರ ಜವಾಬ್ದಾರಿ ಅಂತ ಬರೆದೆವು. ನಾಲ್ಕೂ ಜನರಿಗೆ ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆವು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಮರ ಹತ್ತೋರಿಗೆ ಅದು ಏನೇನೂ ಸಾಲದು, ಆದ್ರೆ ಅದೂ ಇರಲಿಲ್ಲ. ನಿಧಾನಕ್ಕೆ ಕೈಯಲ್ಲಿ ನಾಲ್ಕು ಕಾಸು ನಿಲ್ಲೋಕೆ ಶುರುವಾಯ್ತು.

ನಿಲ್ಲೋದು ಅಂದ್ರೆ, ಕಾಗದದ ಮೇಲೆ. ಅಪಾರ್ಟ್‌ಮೆಂಟ್ ಸಂಘ ದುಡ್ಡು ಕೊಡೋದು ಮೇಂಟೆನೆನ್ಸ್ ಕಂಪನಿಗೆ, ಅವರು ಗಾರ್ಡನ್ ಕಾಂಟ್ರ್ಯಾಕ್ಟರಿಗೆ, ಅವರು ನಮಗೆ. ಮೇಲಿನವರು ಕೊಟ್ಟಿಲ್ಲ ಅನ್ನೋ ಒಂದೇ ಮಾತು ಮೆಟ್ಟಿಲಿಳಿದು ಬರುತ್ತೆ. ನನಗೆ ಈ ಮೆಟ್ಟಿಲು ಹೊಸದಲ್ಲ. ಕೆಲಸದ ಮೊದಲ ಮೂರು ವರ್ಷ ನಾನೂ ಥರ್ಡ್ ಪಾರ್ಟಿ ಪೇರೋಲ್‌ನಲ್ಲೇ ಇದ್ದವನು. ಕೆಲಸ ಒಂದೇ, ಕತ್ತಿನ ಪಟ್ಟಿಯ ಬಣ್ಣ ಬೇರೆ. ಸಣ್ಣ ಉದ್ದಿಮೆಗಳ ಬಿಲ್ 45 ದಿನದೊಳಗೆ ಚುಕ್ತಾ ಮಾಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ ಅಂತ ಓದಿ ಹುರುಪಿನಿಂದ ಮೇಲ್ ಬರೆಯೋಕೆ ಹೊರಟೆ. ಆಗ ಗೊತ್ತಾಯ್ತು, ಆ ಹಕ್ಕು ಕೇಳೋಕೆ ಉದ್ಯಮ್ ನೋಂದಣಿ ಮೊದಲೇ ಆಗಿರಬೇಕು. ಆನ್‌ಲೈನಲ್ಲಿ ಪುಕ್ಕಟೆ ಆಗೋ ಕೆಲಸ, ನಾನು ಮಾಡಿಸಿರಲಿಲ್ಲ. ಅಷ್ಟರಲ್ಲಿ 62,000 ಬಾಕಿ ನಿಂತಿತ್ತು.

ಈಗ ಹೇಳೋಕೆ ಹೊರಟಿದ್ದು ಅದರ ನಂತರದ್ದು.

ಏಪ್ರಿಲ್ ಕೊನೆ. ಭರಣಿ ಮಳೆ ಹೊತ್ತು, ಸಂಜೆಯಾದ್ರೆ ಗಾಳಿ. ಕಾಕೋಳು ರಸ್ತೆ ಕಡೆಯ ಒಂದು ಲೇಔಟಿನಲ್ಲಿ ದೊಡ್ಡ ಮಳೆಮರದ ಕೊಂಬೆ ಕರೆಂಟ್ ಲೈನಿಗೆ ತಾಗೋ ಹಾಗೆ ಬಾಗಿತ್ತು. ಇವತ್ತೇ ತೆಗೀಬೇಕು ಅಂತ ಕಾಂಟ್ರ್ಯಾಕ್ಟರ್ ಒತ್ತಾಯ. "ಲೈನ್ ಆಫ್ ಮಾಡಿಸಿದ್ದೀನಿ, ಹತ್ತು" ಅಂದರಂತೆ. ಯಾರು ಆಫ್ ಮಾಡಿದ್ರು, ಎಲ್‌ಸಿ ತಗೊಂಡಿದ್ದಾರಾ ಅಂದ್ರೆ ಉತ್ತರವಿಲ್ಲ. "ನೀನು ಹತ್ತದಿದ್ರೆ ಬೇರೆಯವ್ರು ಹತ್ತಾರೆ."

ತಮ್ಮ ನನಗೆ ಫೋನ್ ಮಾಡಿದ. ನಾನು ಮನೆಯಿಂದಲೇ ಕೆಲಸ ಮಾಡ್ತಿದ್ದೆ, ರಿಲೀಸ್ ದಿನ. ಊರಲ್ಲಿ ಟಿಸಿ ಫ್ಯೂಸ್ ಹೋದ್ರೆ ಲೈನ್‌ಮನ್‌ಗೆ ಕಾಯದೇ ನಾವೇ ಕೋಲು ಹಿಡಿದು ಹೋಗ್ತಿದ್ದ ಜನ ನಾವು. ಕರೆಂಟಿನ ಬಗ್ಗೆ ಒಂಥರಾ ಸಲಿಗೆ. ಅದೂ ಇತ್ತೇನೋ. ನಾನು ಹೇಳಿದ್ದು ಇದು: "ಆಫ್ ಅಂತ ಅವ್ರೇ ಹೇಳ್ತಿದ್ದಾರಲ್ಲೋ. ಹುಷಾರಾಗಿ ಮಾಡಿ ಮುಗಿಸ್ಬಿಡು. ನಮ್ಮ ದುಡ್ಡು ಬೇರೆ ಅವ್ರ ಹತ್ರ ಇದೆ."

ಒಂದು ಕ್ಷಣ ಸುಮ್ಮನಿದ್ದು "ಆಯ್ತಣ್ಣ" ಅಂದ.

ನಾನು ಮೀಟಿಂಗಿಗೆ ವಾಪಸ್ ಹೋದೆ. ಅಲ್ಲಿ ನಮ್ಮ ಲೀಡ್ ಯಾರನ್ನೋ ಕೇಳ್ತಿದ್ದರು, "ಟೆಸ್ಟ್ ಮಾಡಿದ್ದೀರಾ, ಅಥವಾ ಆಗಿದೆ ಅಂತ ಯಾರೋ ಹೇಳಿದ್ರಾ?" ಒಂದು ಸರ್ವರ್ ಸಂಗತಿ, ಹಾಳಾದ್ರೆ ಹಿಂದಿನ ವರ್ಶನ್ ಹಾಕಬಹುದು. ಅಷ್ಟಕ್ಕೇ ಅಷ್ಟು ಪ್ರಶ್ನೆ. ನನಗೆ ಬೆನ್ನಲ್ಲಿ ಬೆವರು ಬಂತು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲವೂ ಎತ್ತಲಿಲ್ಲ. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಬೈಕ್ ತೆಗೆದೆ. ಆ ಎರಡು ಕಿಲೋಮೀಟರ್ ದಾರಿಯಲ್ಲಿ ಚಿಕ್ಕಮ್ಮನ ಮುಖ ಬಿಟ್ಟು ಬೇರೇನೂ ನೆನಪಿಲ್ಲ.

ಮರದ ಬುಡದಲ್ಲಿ ಸೈಟ್ ಕಲ್ಲಿನ ಮೇಲೆ ಕೂತು ಟೀ ಕುಡೀತಿದ್ದ. ಹಗ್ಗ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಫೋನು ಗಾಡಿಯೊಳಗಿನ ಬ್ಯಾಗಲ್ಲಿ.

"ಹತ್ತಲಿಲ್ಲ ಕಣಣ್ಣಾ. ಕೆಳಗಿನ ಲೈನ್ ಆಫ್ ಆಗೈತೆ. ಮೇಲಿಂದು ಎಲ್ಲಿಂದ ಬತ್ತದೆ ಅಂತ ಯಾರ್ನ ಕೇಳಿದ್ರೂ ಗೊತ್ತಿಲ್ಲ ಅಂತಾರೆ. ಗೊತ್ತಿಲ್ಲ ಅಂದ್ಮೇಲೆ ಐತೆ ಅಂತಲೇ ಲೆಕ್ಕ."

1912ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಮಾರನೇ ದಿನ ಬೆಳಿಗ್ಗೆ ಲೈನ್‌ಮನ್‌ಗಳು ಬಂದರು. ಮೇಲಿನದು ಹನ್ನೊಂದು ಕೆವಿ, ಬೇರೆ ಫೀಡರಿನದು. ಹಿಂದಿನ ಸಂಜೆಯಿಡೀ ಅದರಲ್ಲಿ ಕರೆಂಟ್ ಇತ್ತು. ಅವರು ಎಲ್‌ಸಿ ತಗೊಂಡು, ಲೈನಿಗೆ ಅರ್ತ್ ಹಾಕಿದ ಮೇಲೆ ನಮ್ಮ ಹುಡುಗರು ನಲವತ್ತು ನಿಮಿಷದಲ್ಲಿ ಕೊಂಬೆ ಇಳಿಸಿದರು.

ಕೆಲಸ ಮುಗಿದ ಮೇಲೆ ತಡೆಯೋಕಾಗದೇ ಕೇಳಿದೆ, "ಹತ್ತೋ ಮನಸ್ಸಿಲ್ಲದಿದ್ರೆ ನನಗ್ಯಾಕೋ ಆಯ್ತಣ್ಣ ಅಂದೆ?"

"ನೀನು ಮೀಟಿಂಗಲ್ಲಿದ್ಯಲ್ಲ" ಅಂದ.

ಆ ಕಾಂಟ್ರ್ಯಾಕ್ಟರ್ ಮತ್ತೆ ಕೆಲಸ ಕೊಡಲಿಲ್ಲ. 62,000ದಲ್ಲಿ 50,000 ದೀಪಾವಳಿ ಹೊತ್ತಿಗೆ ಕಂತು ಕಂತಾಗಿ ಬಂತು, ಮಿಕ್ಕಿದ್ದು ಬರಲಿಲ್ಲ. ತಮ್ಮ ಈಗ ಬಿಡಿ ಮನೆಗಳ ಕೆಲಸ ನೇರವಾಗಿ ಹಿಡೀತಾನೆ, ಜೊತೆಗೆ ಇನ್ನೊಬ್ಬರು ಸಣ್ಣ ಕಾಂಟ್ರ್ಯಾಕ್ಟರ್ ಇದ್ದಾರೆ. ಗುಂಪು ಐದು ಜನಕ್ಕೆ ಬೆಳೆದಿದೆ. ಮಾರಿದ ಹಸುವಿನ ಜಾಗಕ್ಕೆ ಇನ್ನೂ ಹಸು ಬಂದಿಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ಯಾವುದೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಇರ್ತೀರಿ. ಮಳೆಗಾಲಕ್ಕೆ ಮುಂಚೆ "ಮರ ಟ್ರಿಮ್ ಮಾಡಿಸಬೇಕು" ಅನ್ನೋ ಮೆಸೇಜು ಬಂದೇ ಬರುತ್ತೆ. ಆಗ ರೇಟಿನ ಜೊತೆ ಇನ್ನೂ ಮೂರು ವಿಷಯ ಕೇಳಿ. ಹತ್ತೋರಿಗೆ ವಿಮೆ ಇದೆಯಾ? ಲೈನ್ ಪಕ್ಕದ ಮರವಾದ್ರೆ ಬೆಸ್ಕಾಂನವರು ನಿಂತಿರ್ತಾರಾ? ಬಿಲ್ ಮಾಡಿದ ದುಡ್ಡು ಮರ ಹತ್ತಿದವನಿಗೆ ಯಾವತ್ತು ಸೇರುತ್ತೆ? ಮೂರನೇದನ್ನ ಕೇಳೋಕೆ ಸಂಕೋಚ ಆಗುತ್ತೆ, ಗೊತ್ತು. ಆದ್ರೂ ಕೇಳಿ.

ಮೊನ್ನೆ ಹೊಸ ಕೊಟೇಶನ್ ಮಾಡೋಕೆ ಕೂತಿದ್ದೆವು. ಮೊದಲನೇ ಸಾಲು ಅವನೇ ಹೇಳಿ ಬರೆಸಿದ: ಲೈನಿನ ಹತ್ತಿರದ ಕೆಲಸಕ್ಕೆ ಲೈನ್‌ಮನ್ ಸ್ಥಳದಲ್ಲಿ ಇಲ್ಲದಿದ್ದರೆ ಮರ ಹತ್ತುವುದಿಲ್ಲ. ಇದನ್ನ ನೋಡಿ ಕೆಲಸ ಕೊಡದೇ ಹೋದ್ರೆ ಅಂದೆ. "ಕೊಡ್ದಿದ್ರೆ ಬ್ಯಾಡ" ಅಂದ. ಟೈಪ್ ಮಾಡ್ತಿದ್ದಾಗಲೇ ಆಫೀಸಿಂದ ಕಾಲ್ ಬಂತು. ಕಟ್ ಮಾಡಿದೆ.