ಟ್ಯಾಂಕಿನ ಬುಡದಲ್ಲೇ ಬರ

ಬೆಂಗಳೂರಲ್ಲಿ ನಾವು ಬಾಡಿಗೆಗಿರೋದು ಮೂರಂತಸ್ತಿನ ಕಟ್ಟಡದ ಮೇಲಿನ ಮನೆ. ತಲೆ ಮೇಲೇ ಟ್ಯಾಂಕು. ಆದರೂ ಶವರ್ ತಿರುಗಿಸಿದರೆ ನೀರು ಅಳುತ್ತಾ ಇಳೀತಿತ್ತು. ನೆಲಮಹಡಿಯಲ್ಲಿ ಮಾತ್ರ ಭರ್ರೋ ಅಂತ ಸುರಿಯೋದು. ‘ಕೂದಲಿಂದ ಶಾಂಪೂ ಹೋಗೋ ಹೊತ್ತಿಗೆ ಆಫೀಸ್ ಕ್ಯಾಬೇ ಹೋಗಿರುತ್ತೆ’ ಅಂತ ಹೆಂಡತಿ ದಿನಾ ಗೊಣಗೋಳು.

ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗೆ. ನೀರಿನ ಒತ್ತಡಕ್ಕೆ ಟ್ಯಾಂಕ್ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟು ಎತ್ತರದಲ್ಲಿದೆ ಅನ್ನೋದೇ ಲೆಕ್ಕ. 10 ಮೀಟರ್ ಎತ್ತರಕ್ಕೆ ಹೆಚ್ಚೂಕಮ್ಮಿ 1 ಬಾರ್. ನಮ್ಮ ಶವರಿನಿಂದ ಟ್ಯಾಂಕಿನ ತಳಕ್ಕೆ 7 ಅಡಿ. ಅಂದರೆ ಬರೀ 0.2 ಬಾರ್. ನೆಲಮಹಡಿಯವರಿಗೆ 27 ಅಡಿ, 0.8 ಬಾರ್. ಊರೂರಲ್ಲೂ ನೀರಿನ ಟ್ಯಾಂಕನ್ನ ಉದ್ದುದ್ದ ಕಾಲಿನ ಮೇಲೆ ನಿಲ್ಲಿಸಿರೋದು ಸುಮ್ಮನೆ ಅಲ್ಲ.

ಮೊದಲು ಕಾಸಿಲ್ಲದ ಕೆಲಸ ಮಾಡಿದೆ. ಬಕೆಟ್ ಇಟ್ಟು, ಮೊಬೈಲಲ್ಲಿ ಟೈಮ್ ನೋಡಿದೆ. 10 ಲೀಟರ್ ತುಂಬೋಕೆ ನಾಲ್ಕು ನಿಮಿಷ. ಶವರ್ ಹೆಡ್ ಬಿಚ್ಚಿ ಬರೀ ಪೈಪಿಗೆ ಹಿಡಿದರೆ ಎರಡೇ ನಿಮಿಷ. ಅಲ್ಲಿಗೆ ಅರ್ಧ ಕಳ್ಳ ಸಿಕ್ಕಿದ. ಬೋರ್‌ವೆಲ್ ನೀರಿನ ಉಪ್ಪು ತೋಟದ ಡ್ರಿಪ್ ಪೈಪಿನ ತೂತುಗಳನ್ನ ಕಟ್ಟಿಸೋ ಹಾಗೆ ಇಲ್ಲೂ ಕಟ್ಟಿಸಿತ್ತು. ವಿನೆಗರಲ್ಲಿ ನೆನೆಸಿಟ್ಟು, ಹಳೇ ಬ್ರಷ್ಷಲ್ಲಿ ಉಜ್ಜಿ, ಒಳಗಿನ ಜಾಲರಿ ತೊಳೆದು ಹಾಕಿದ ಮೇಲೆ ಎರಡೂವರೆ ನಿಮಿಷಕ್ಕೆ ಇಳೀತು.

ಉಳಿದಿದ್ದಕ್ಕೆ ಪ್ಲಂಬರ್ ಹೇಳಿದ್ದು ಒಂದೇ ಮಾತು: ‘ಪ್ರೆಷರ್ ಪಂಪ್ ಹಾಕ್ಸಿಬಿಡಿ ಸಾರ್, ಮುಗೀತು.’

ಸುಲಭದ ದಾರಿ, ನಿಜ. ಆದರೆ ಟ್ಯಾಂಕಿಂದ ಮೂರು ಮನೆಗೂ ಇಳಿಯೋದು ಒಂದೇ ಪೈಪು. ನನ್ನ ಕವಲಿಗೆ ಪಂಪ್ ಕೂರಿಸಿದರೆ, ಅದು ಓಡೋವಾಗ ಕೆಳಗಿನವರ ನಲ್ಲಿ ಸಣ್ಣಗಾಗುತ್ತೆ. ನಮ್ಮೂರು ಕಾಲುವೆಯ ಟೇಲ್‌ಎಂಡಲ್ಲಿದೆ. ಮೇಲಿನವರು ಕಾಲುವೆಗೇ ಮೋಟಾರ್ ಇಟ್ಟು ಎಳೆದುಕೊಂಡಾಗ, ನಮ್ಮಪ್ಪ ರಾತ್ರಿಯೆಲ್ಲ ಬದುವಿನ ಮೇಲೆ ಟಾರ್ಚ್ ಹಿಡಿದು ಬಾರದ ನೀರಿಗೆ ಕಾಯ್ತಿದ್ದರು. ಅದನ್ನ ನೋಡಿ ಬೆಳೆದವನಿಗೆ ಪಂಪ್ ತರೋಕೆ ಕೈ ಬರಲಿಲ್ಲ.

ಓನರ್ ಅಂಕಲ್ ಹತ್ರ ಹೋದೆ. ‘ಟ್ಯಾಂಕನ್ನೇ 6 ಅಡಿ ಎತ್ತರಿಸೋಣ. ಅರ್ಧ ಖರ್ಚು ನಂದು. ಎತ್ತರಿಸಿದರೆ ಮೂರೂ ಮನೆಗೆ ಸಮನಾಗಿ ಒತ್ತಡ ಏರುತ್ತೆ’ ಅಂದೆ. ಅವರು ಒಂದು ವಾರ ಯೋಚನೆ ಮಾಡಿ ಒಪ್ಪಿದರು. ನೀರು ತುಂಬಿದ 1000 ಲೀಟರ್ ಟ್ಯಾಂಕ್ ಅಂದರೆ ಒಂದು ಟನ್ನಿಗಿಂತ ಹೆಚ್ಚು ಭಾರ. ಅದಕ್ಕೇ ಇಂಜಿನಿಯರನ್ನ ಕರೆಸಿ ತೋರಿಸಿ, ಪಿಲ್ಲರ್ ಇರೋ ಜಾಗಕ್ಕೇ ಕಬ್ಬಿಣದ ಸ್ಟ್ಯಾಂಡಿನ ಕಾಲು ಬರೋ ಹಾಗೆ ನಿಲ್ಲಿಸಿದ್ವಿ.

ಈಗ ಬಕೆಟ್ ಎರಡು ನಿಮಿಷದೊಳಗೇ ತುಂಬುತ್ತೆ. ಸ್ಟಾರ್ ಹೋಟೆಲಿನ ಶವರ್ ಆಗಲಿಲ್ಲ, ಆಗೋದೂ ಬೇಡ. ಹೆಂಡತಿಗೆ ಕ್ಯಾಬ್ ಸಿಗ್ತಿದೆ. ಕೆಳಗಿನವರಿಗೂ ನೀರು ಒಂದು ಕೈ ಜಾಸ್ತಿಯೇ ಬರ್ತಿದೆ.