ಮಾಳಿಗೆ ಮನೆಯೂ ಸ್ಮಾರಕವೇ

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಸುತ್ತ, ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಹಳೇ ಒಕ್ಕಲುಮನೆ ಎಂದರೆ ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳ ಗ್ವಾದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲಿ, ಆಮೇಲೆ ಅಡುಗೆಮನೆ. ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಸವಳು ಮಣ್ಣು ಹರಡಿ ತುಳಿದರೆ ಹನಿ ನೀರೂ ಇಳಿಯದು. ನಡುವೆ ಒಂದು ಬೆಳಕಿಂಡಿ. ಹೊಗೆ ಹೊರಗೆ, ಬಿಸಿಲು ಒಳಗೆ.

ವೇಲ್ಸ್ ದೇಶದ ಹಳೇ ಉದ್ದಮನೆಗಳಲ್ಲೂ ಇದೇ ವಿನ್ಯಾಸ: ಒಂದೇ ಸೂರು, ಇಳಿಜಾರಿನ ಕೆಳಬದಿಗೆ ದನ, ಮೇಲ್ಬದಿಗೆ ಮನುಷ್ಯರು. ಅಲ್ಲಿ ಇಂಥ ಎಷ್ಟೋ ರೈತರ ಮನೆಗಳು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ. ಅವುಗಳ ಸ್ವರೂಪ ಬದಲಿಸಲು ಅನುಮತಿ ಬೇಕು. 1948ರಲ್ಲಿ ತೆರೆದ ಸೇಂಟ್ ಫ್ಯಾಗನ್ಸ್ ಬಯಲು ಮ್ಯೂಸಿಯಂಗೆ ಒಕ್ಕಲುಮನೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ.

ನಮ್ಮಲ್ಲಿ ಡಂಬಳದ ದೊಡ್ಡಬಸಪ್ಪ ಗುಡಿಗೆ ರಕ್ಷಣೆಯಿದೆ, ಅದು ಇರಲೇಬೇಕು. ನೂರು ವರ್ಷ ದಾಟಿದ ಕಟ್ಟಡ ಸ್ಮಾರಕವಾಗಬಹುದು ಎನ್ನುತ್ತದೆ 1958ರ ಕೇಂದ್ರ ಕಾಯ್ದೆ. ಆದರೆ ಒಕ್ಕಲಿಗನ ಮನೆ ಆ ಲೆಕ್ಕಕ್ಕೆ ಬರುವುದೇ ಅಪರೂಪ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗಾಗಿ ಗುಮ್ಮಗೋಳ, ಬಿದರಹಳ್ಳಿ, ವಿಠ್ಠಲಾಪುರದವರು ಊರನ್ನೇ ಬಿಡಬೇಕಾಯಿತು. ಹೊಲಕ್ಕೆ ನೀರು ಬೇಕು, ಸರಿ. ಮನೆಯ ನಕ್ಷೆಯೂ ಉಳಿಯಬೇಕಲ್ಲವೇ?

ನಿಮ್ಮೂರಲ್ಲಿ ಮಾಳಿಗೆ ಮನೆಯಿದ್ದರೆ ಕೆಡವುವ ಮುನ್ನ ಅಳತೆ ತೆಗೆಯಿರಿ, ಫೋಟೊ ಹಿಡಿಯಿರಿ, ಕಟ್ಟಿದವರ ಹೆಸರು ಹಿರಿಯರಿಂದ ಕೇಳಿ ಬರೆದಿಡಿ.